ಎರಡನೆಯ ಬಹುಮಾನ ಪಡೆದ ಮಗು

೧೯೫೯ರಲ್ಲಿ ನಾನು ಮೈಸೂರು ನಗರದ ದಕ್ಷಿಣದ ಅಂಚಿನಲ್ಲಿದ್ದ ಒಂದು ತಾಯಿ-ಮಕ್ಕಳ ಆರೋಗ್ಯ ಕೇಂದ್ರದಲ್ಲಿ ಹೆಲ್ತ್ ವಿಸಿಟರ್ ಆಗಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನನಗೆ ಇಪ್ಪತ್ತಾರು ವಯಸ್ಸು. ಹೆಲ್ತ್ ವಿಸಿಟರ್ ಅಂದರೆ ಏನು ಎಂದು ಈಗಿನವರು ಕೇಳುತ್ತಾರೆ. ಆಸ್ಪತ್ರೆಯ ನರ್ಸಿನ ಹಾಗೆ ಒಂದು ಕಡೆ ಕೂತು ಮಾಡುವ ಕೆಲಸವಲ್ಲ ಅದು. ದಿನಕ್ಕೆ ಹತ್ತು ಹನ್ನೆರಡು ಮನೆ ತಿರುಗಿ ಬಸುರಿ ಬಾಣಂತಿಯರನ್ನೂ ಐದು ವರ್ಷದೊಳಗಿನ ಮಕ್ಕಳನ್ನೂ ನೋಡಬೇಕು. ಏನು ತಿನ್ನಿಸಬೇಕು, ಹೇಗೆ ಸ್ನಾನ ಮಾಡಿಸಬೇಕು, ಯಾವಾಗ ಲಸಿಕೆ ಹಾಕಿಸಬೇಕು ಎಂದು ತಾಯಂದಿರಿಗೆ ತಿಳಿಸಬೇಕು. ಕಾಯಿಲೆ ಕಂಡರೆ ಡಾಕ್ಟರ ಬಳಿಗೆ ಕಳಿಸಬೇಕು. ಔಷಧಿ ಕೊಡುವ ಅಧಿಕಾರ ನಮಗಿರಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಮಾತು ಒಂದೇ.

ನಮ್ಮ ಕೇಂದ್ರ ಒಂದು ಹಳೆಯ ಹಂಚಿನ ಮನೆ. ಮುಂದಿನ ಕೋಣೆಯ ತೊಲೆಗೆ ತಕ್ಕಡಿ ತೂಗುಹಾಕಿತ್ತು. ಅದರ ಕೊಕ್ಕೆಗೆ ಬಟ್ಟೆಯ ಜೋಲಿ ಕಟ್ಟಿ ಮಕ್ಕಳನ್ನು ಕೂರಿಸಿ ತೂಗುತ್ತಿದ್ದೆವು. ತೂಕವೆಲ್ಲ ಆಗ ಪೌಂಡಿನಲ್ಲಿ. ಮಂಗಳವಾರ ಶುಕ್ರವಾರ ತೂಕದ ದಿನ. ಹಿಂದಿನ ಕೋಣೆಯಲ್ಲಿ ವಿದೇಶದಿಂದ ದಾನವಾಗಿ ಬರುತ್ತಿದ್ದ ಹಾಲಿನ ಪುಡಿಯ ಪೀಪಾಯಿಗಳು. ಬೆಳಿಗ್ಗೆ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಪಟ್ಟಿಯಲ್ಲಿ ಹೆಸರಿದ್ದ ಮಕ್ಕಳಿಗೆ ಒಂದೊಂದು ಲೋಟ ಕೊಡುವುದು. ಆ ಪಟ್ಟಿ ಬರೆಯುವವಳು ನಾನೇ, ಹೆಸರು ಹೊಡೆಯುವವಳೂ ನಾನೇ. ಡಾಕ್ಟರಮ್ಮ ಮೂರು ಕೇಂದ್ರಗಳಿಗೆ ಒಬ್ಬರೇ ಇದ್ದದ್ದರಿಂದ ನಮ್ಮಲ್ಲಿಗೆ ವಾರಕ್ಕೆ ಒಂದೇ ದಿನ ಬರುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು. ಹೆಚ್ಚು ಮಾತಿಲ್ಲ, ತಪ್ಪು ಕಂಡರೆ ಬಿಡುತ್ತಿರಲಿಲ್ಲ.

ನಾನು ಬಂದದ್ದು ಅರಮನೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರ ಮನೆಯಿಂದ. ಮಡಿ ಮೈಲಿಗೆಯ ಮನೆ. ಮೊಟ್ಟೆಯನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ತರಬೇತಿಯಲ್ಲಿ. ಮಕ್ಕಳಿಗೆ ಮೊಟ್ಟೆ ಕೊಡಿ ಎಂದು ಹೇಳುವುದು ನನ್ನ ಕೆಲಸವೇ ಆಗಿದ್ದರೂ ಆ ಮಾತು ನನ್ನ ಬಾಯಿಂದ ಸ್ವಲ್ಪ ತಡವಾಗಿಯೇ ಹೊರಡುತ್ತಿತ್ತು. ಬೇಡ ಎನ್ನುವುದು ಮಾತ್ರ ಥಟ್ಟನೆ ಬರುತ್ತಿತ್ತು. ಇದನ್ನು ಇಷ್ಟು ವರ್ಷಗಳ ಮೇಲೆ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನನ್ನ ಸುತ್ತಿನಲ್ಲಿದ್ದ ಒಂದು ವಠಾರದಲ್ಲಿ ಚಿಕ್ಕತಾಯಮ್ಮ ಎಂಬ ಹೆಂಗಸು ಇದ್ದಳು. ಮಂಡಕಳ್ಳಿ ಕಡೆಯ ಒಕ್ಕಲುಮನೆಯಲ್ಲಿ ಹುಟ್ಟಿದವಳು. ಗಂಡ ಒಂದು ಮರದ ಡಿಪೋದಲ್ಲಿ ಗರಗಸ ಎಳೆಯುತ್ತಿದ್ದ. ಇವಳು ಮನೆಯ ಜಗಲಿಯ ಮೇಲೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಯಾವಾಗ ಹೋದರೂ ಅವಳ ಅಂಗೈ ಕಪ್ಪಗೆ, ಘಮಘಮ. ಜೊತೆಗೆ ಅತ್ತೆ ಕೆಂಪಮ್ಮ. ಮಗಳು ಸರೋಜ, ಆಗ ಎರಡು ವರ್ಷ ದಾಟಿತ್ತು.

ನನ್ನ ಸುತ್ತಿನ ತಾಯಂದಿರಲ್ಲಿ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದವಳು ಚಿಕ್ಕತಾಯಮ್ಮ ಒಬ್ಬಳೇ. ನೀರು ಕುದಿಸು ಎಂದರೆ ಕುದಿಸುತ್ತಿದ್ದಳು. ಸೀನು ನೆಗಡಿಯವರು ಮಗು ಎತ್ತಿಕೊಳ್ಳಬಾರದು ಎಂದಿದ್ದಕ್ಕೆ ಸ್ವಂತ ಅಣ್ಣನನ್ನೇ ಬಾಗಿಲಲ್ಲಿ ನಿಲ್ಲಿಸಿದ್ದಳು. ಮಗುವಿನ ತೂಕದ ಕಾರ್ಡನ್ನು ಕುಂಕುಮದ ಡಬ್ಬಿಯ ಕೆಳಗೆ ಮಡಿಕೆ ಬೀಳದಂತೆ ಇಟ್ಟಿದ್ದಳು. ಓದು ಬರುತ್ತಿರಲಿಲ್ಲ. ನಾನು ಹೇಳಿದ ಮಾತನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡು ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಹೊಸದಾಗಿ ಬಂದ ಸಹೋದ್ಯೋಗಿಗಳಿಗೆ, ನಮ್ಮ ಕೆಲಸ ಹೇಗೆ ಫಲ ಕೊಡುತ್ತದೆ ನೋಡಿ ಎಂದು ನಾನು ಇವಳ ಮನೆಯನ್ನೇ ತೋರಿಸುತ್ತಿದ್ದೆ.

ಆ ವರ್ಷದ ಫೆಬ್ರವರಿಯಲ್ಲಿ ಅವಳಿಗೆ ಗಂಡುಮಗುವಾಯಿತು. ಮಾದೇವ ಎಂದು ಕರೆದರು. ಸರೋಜಳಿಗೆ ಎದೆಹಾಲು ಬಿಡಿಸಿ ಆಗಲೇ ಕೆಲವು ತಿಂಗಳಾಗಿತ್ತು. ಆದರೆ ಮಗು ಚೆನ್ನಾಗಿ ತಿನ್ನುತ್ತಿತ್ತು: ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತು, ಬೇಳೆಕಟ್ಟು, ಬೇಯಿಸಿದ ಸೊಪ್ಪು, ಅಕ್ಕಪಕ್ಕದ ಕೋಳಿ ಇಟ್ಟಾಗ ಒಂದು ಮೊಟ್ಟೆ. ಬೆಳಿಗ್ಗೆ ನಮ್ಮ ಕೇಂದ್ರದ ಹಾಲು. ಆ ವಯಸ್ಸಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಊಟ ಬೇಕಿರಲಿಲ್ಲ.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸರೋಜಳಿಗೆ ಭೇದಿ ಹತ್ತಿತು. ದಿನಕ್ಕೆ ಏಳೆಂಟು ಸಲ. ಚಿಕ್ಕತಾಯಮ್ಮ ಬಾಣಂತನದಲ್ಲಿದ್ದವಳು ನೆರೆಯವರ ಕೈಲಿ ಹೇಳಿಕಳಿಸಿದಳು. ನಾನು ಹೋಗಿ ನೋಡಿದೆ. ಭೇದಿಯಾದಾಗ ಹೊಟ್ಟೆಗೆ ವಿಶ್ರಾಂತಿ ಕೊಡಬೇಕು, ಗಟ್ಟಿ ಆಹಾರ ನಿಲ್ಲಿಸಬೇಕು ಎಂಬುದು ಆಗ ನಾವು ಕಲಿತಿದ್ದ ಪಾಠ. ಅದನ್ನೇ ಹೇಳಿದೆ.

“ಬರೀ ಗಂಜಿ, ಸಬ್ಬಕ್ಕಿ ನೀರು. ಹಾಲು, ಬೇಳೆ, ಮೊಟ್ಟೆ ಏನೂ ಬೇಡ. ನಾನು ಹೇಳೋ ತನಕ ಕೊಡಬೇಡ.”

ಅವಳು ಎಂದಿನಂತೆ ಅದನ್ನು ಬಾಯಲ್ಲಿ ಹೇಳಿಕೊಂಡಳು. ನಾನು ಕೇಂದ್ರಕ್ಕೆ ಬಂದು ಹಾಲಿನ ಪಟ್ಟಿಯಲ್ಲಿ ಸರೋಜಳ ಹೆಸರಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ. ನಾಲ್ಕೈದು ದಿನ ಬಿಟ್ಟು ಹೋಗಿ ನೋಡಿ, ಮತ್ತೆ ಎಲ್ಲವನ್ನೂ ಶುರುಮಾಡಿಸಬೇಕು ಎಂದುಕೊಂಡಿದ್ದೆ. ಮೂರನೆಯ ದಿನ ಆರ್ಡರ್ ಬಂತು. ನಗರದ ಇನ್ನೊಂದು ಕಡೆ ಸಿಡುಬಿನ ಲಸಿಕೆ ಹಾಕಲು ಕೈ ಸಾಲದು, ನಾನು ಅಲ್ಲಿಗೆ ಹೋಗಬೇಕು. ಆರು ವಾರ ಅಲ್ಲೇ ಇದ್ದೆ. ನನ್ನ ಸುತ್ತನ್ನು ಯಾರಿಗೂ ವಹಿಸಲಿಲ್ಲ. ವಹಿಸಲು ಯಾರೂ ಇರಲಿಲ್ಲ. ಹಿಂದಿರುಗುವ ಹೊತ್ತಿಗೆ ನನ್ನ ತಲೆಯಲ್ಲಿ ನೂರು ಮನೆಗಳಿದ್ದವು. ಚಿಕ್ಕತಾಯಮ್ಮನಿಗೆ ಹೇಳಿದ ಆ ಒಂದು ಮಾತು ಅಲ್ಲಿರಲಿಲ್ಲ. ಹಾಲಿನ ಪಟ್ಟಿಯಲ್ಲೂ ಕೆಂಪು ಗೆರೆಯ ಪುಟ ಮುಗಿದು ಹೊಸ ಪುಟ ಶುರುವಾಗಿತ್ತು.

ಜೂನ್ ತಿಂಗಳ ತೂಕಕ್ಕೆ ಚಿಕ್ಕತಾಯಮ್ಮ ಎರಡೂ ಮಕ್ಕಳನ್ನು ಕರೆತಂದಳು. ಸರೋಜ ಇಪ್ಪತ್ತೊಂದು ಪೌಂಡು. ಭೇದಿ ನಿಂತಿತಾ ಎಂದು ಕೇಳಿದೆ. ಆವತ್ತೇ ನಿಂತಿತು ಎಂದಳು. ಹೇಳಿದ ಹಾಗೆ ಕೊಡುತ್ತಿದ್ದೀಯಾ ಎಂದೆ. ಹೂಂ ಎಂದಳು. ನಾನು ಕೇಳಿದ್ದು ಒಂದು, ಅವಳು ಉತ್ತರಿಸಿದ್ದು ಇನ್ನೊಂದು. ನನ್ನ ಮನಸ್ಸಿನಲ್ಲಿ ಇದ್ದದ್ದು ನಾನು ವರ್ಷವೆಲ್ಲ ಹೇಳುತ್ತ ಬಂದಿದ್ದ ಮುದ್ದೆ, ಬೇಳೆ, ಸೊಪ್ಪು. ಅವಳ ಮನಸ್ಸಿನಲ್ಲಿ ಇದ್ದದ್ದು ನಾನು ಕೊನೆಯದಾಗಿ ಹೇಳಿದ ಗಂಜಿ. ಜುಲೈನಲ್ಲಿ ಇಪ್ಪತ್ತೆರಡೂವರೆ ಪೌಂಡು ಬಂತು. ಆಗಸ್ಟ್ ಮೊದಲ ವಾರ ಇಪ್ಪತ್ನಾಲ್ಕು. ಕಾರ್ಡಿನ ಮೇಲೆ ಚುಕ್ಕೆಯಿಟ್ಟು ಗೆರೆ ಜೋಡಿಸಿದಾಗ ಅದು ಮೇಲಕ್ಕೆ ಹೋಗುತ್ತಿತ್ತು. ಮೇಲಕ್ಕೆ ಹೋಗುವ ಗೆರೆ ಕಂಡರೆ ನಮಗೆ ಹಬ್ಬ.

ಆ ಆಗಸ್ಟ್‌ನಲ್ಲಿ ನಮ್ಮ ಕೇಂದ್ರದಿಂದ ಶಿಶು ಪ್ರದರ್ಶನ ಇಟ್ಟುಕೊಂಡಿದ್ದೆವು. ಆ ಕಾಲದಲ್ಲಿ ಇದು ಎಲ್ಲ ಕಡೆ ನಡೆಯುತ್ತಿತ್ತು. ಚೆನ್ನಾಗಿ ಬೆಳೆದ ಮಕ್ಕಳನ್ನು ಸಾಲಾಗಿ ಕೂರಿಸಿ, ತೂಕ, ಹಲ್ಲು, ಲಸಿಕೆಯ ಗುರುತು, ಸ್ವಚ್ಛತೆ ಎಲ್ಲ ನೋಡಿ ಬಹುಮಾನ ಕೊಡುವುದು. ಬೇರೆ ತಾಯಂದಿರಿಗೂ ಉಮೇದು ಬರಲಿ ಎಂಬುದು ಉದ್ದೇಶ. ಎರಡರಿಂದ ನಾಲ್ಕು ವರ್ಷದ ಮಕ್ಕಳ ವಿಭಾಗಕ್ಕೆ ನಾನು ಆರಿಸಿದವರಲ್ಲಿ ಸರೋಜ ಮೊದಲನೆಯವಳು. ಚಿಕ್ಕತಾಯಮ್ಮ ನಾಚಿಕೊಂಡು, ಅಷ್ಟು ಜನರ ಮುಂದೆ ಮಗು ಅಳಬಹುದು ಎಂದಳು. ನಾನು ಬಿಡಲಿಲ್ಲ. ಅವಳಂಥ ತಾಯಿಗೆ ನಾಲ್ಕು ಜನರ ಎದುರು ಹೊಗಳಿಕೆ ಸಿಗಬೇಕು ಎಂದು ನನಗೆ ನಿಜವಾಗಿಯೂ ಆಸೆಯಿತ್ತು.

ಹತ್ತಿರದ ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ಜಮಖಾನದ ಮೇಲೆ ಮಕ್ಕಳು. ಸರೋಜಳಿಗೆ ಹಸಿರು ರೇಷ್ಮೆ ಲಂಗ ಹೊಲಿಸಿದ್ದರು, ಕಾಲಿಗೆ ಬೆಳ್ಳಿ ಗೆಜ್ಜೆ. ಬೇರೆ ಮಕ್ಕಳು ಅಳುತ್ತಿದ್ದವು, ಓಡುತ್ತಿದ್ದವು, ಒಂದರ ಕೈಯಲ್ಲಿದ್ದ ಬಿಸ್ಕತ್ತನ್ನು ಇನ್ನೊಂದು ಕಿತ್ತುಕೊಳ್ಳುತ್ತಿತ್ತು. ಸರೋಜ ಮಾತ್ರ ಕೂರಿಸಿದ ಕಡೆ ಕೂತಿದ್ದಳು. ಕೈಗೆ ಕೊಟ್ಟ ಬಿಸ್ಕತ್ತನ್ನು ತಿನ್ನದೆ ಸುಮ್ಮನೆ ಹಿಡಿದುಕೊಂಡಿದ್ದಳು. ಮುಖ್ಯ ಅತಿಥಿಯಾಗಿ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರ ಪತ್ನಿ ಅವಳ ಮುಂದೆ ಬಹಳ ಹೊತ್ತು ನಿಂತರು. ಕೆನ್ನೆ ನೋಡಿ ಮೆಚ್ಚಿದರು. ಮೈಬಣ್ಣ ಬಿಳುಪು ಎಂದರು. ಕೂದಲು ನಸುಗೆಂಪಾಗಿದೆ, ಗೊಂಬೆಯ ಹಾಗಿದೆ ಎಂದರು. ಎಷ್ಟು ಸಾಧು ಮಗು ಎಂದರು. ನಾನು ಪಕ್ಕದಲ್ಲಿ ಕಾರ್ಡು ಹಿಡಿದು ನಿಂತು ಒಂದೊಂದಕ್ಕೂ ತಲೆಯಾಡಿಸಿದೆ.

ಬಹುಮಾನಕ್ಕೆ ಮೊದಲು ಕೊನೆಯ ಸಲ ತೂಗಬೇಕಾಗಿತ್ತು. ತೂಕದಲ್ಲಿ ಬೆಳ್ಳಿ ಸೇರಬಾರದೆಂದು ನಾನೇ ಸರೋಜಳ ಕಾಲಿನ ಗೆಜ್ಜೆ ಬಿಚ್ಚಿದೆ. ಗೆಜ್ಜೆ ಇದ್ದ ಜಾಗದಲ್ಲಿ ಚರ್ಮದ ಮೇಲೆ ಸುತ್ತ ಒಂದು ಕಾಲುವೆ ಬಿದ್ದಿತ್ತು. ಗೆಜ್ಜೆಯ ಒಂದೊಂದು ಮಣಿಯ ಗುರುತೂ ಬೇರೆಬೇರೆಯಾಗಿ ಕಾಣುತ್ತಿತ್ತು. ತೂಗಿ ಮುಗಿಸಿ, ಬರೆದುಕೊಂಡು, ಮತ್ತೆ ಗೆಜ್ಜೆ ಹಾಕಲು ಬಗ್ಗಿದಾಗಲೂ ಆ ಗುರುತು ಹಾಗೆಯೇ ಇತ್ತು. ನನ್ನ ಬೆರಳು ಅದರ ಮೇಲೆ ಒಂದು ಕ್ಷಣ ನಿಂತಿತು. ಏನೋ ಸರಿಯಿಲ್ಲ ಎಂದು ಅನ್ನಿಸಿತು. ಆಗಲೇ ಯಾರೋ ನನ್ನನ್ನು ಕರೆದರು. ಅತಿಥಿಗಳಿಗೆ ಹೊತ್ತಾಗುತ್ತಿದೆ, ಹೆಸರುಗಳ ಚೀಟಿ ಕೊಡಿ ಎಂದರು. ಗೆಜ್ಜೆ ಬಿಗಿಯಾಗಿದೆ, ಒಂದು ಕೊಂಡಿ ಸಡಿಲ ಮಾಡಿಸು ಎಂದು ಚಿಕ್ಕತಾಯಮ್ಮನಿಗೆ ಹೇಳಿ ಎದ್ದುಹೋದೆ. ಡಾಕ್ಟರಮ್ಮ ಅವತ್ತು ಕಷ್ಟದ ಹೆರಿಗೆಯೊಂದಕ್ಕೆ ಹೋಗಿದ್ದರು. ಅವರು ಬಂದಾಗ ಆಳುಗಳು ಸಭಾಂಗಣದಲ್ಲಿ ಜಮಖಾನ ಸುತ್ತುತ್ತಿದ್ದರು.

ಸರೋಜಳಿಗೆ ಎರಡನೆಯ ಬಹುಮಾನ ಬಂತು.

ಮೂರು ವಾರ ಕಳೆದು, ಡಾಕ್ಟರಮ್ಮ ಬರುವ ದಿನ, ಚಿಕ್ಕತಾಯಮ್ಮ ಮಗುವನ್ನು ಎತ್ತಿಕೊಂಡು ಬಂದಳು. ಎರಡು ದಿನದಿಂದ ಜ್ವರ, ಮತ್ತೆ ಭೇದಿ. ಮಗುವಿನ ಕಣ್ಣುರೆಪ್ಪೆ ಊದಿಕೊಂಡು ಕಣ್ಣು ಗೆರೆಯಾಗಿದ್ದವು. ತೊಡೆಯ ಚರ್ಮ ಅಲ್ಲಲ್ಲಿ ಕಪ್ಪಗಾಗಿ, ಗೋಡೆಯ ಸುಣ್ಣ ಏಳುವ ಹಾಗೆ ಸುಲಿಯುತ್ತಿತ್ತು. ಡಾಕ್ಟರಮ್ಮ ಏನೂ ಕೇಳದೆ ಮಗುವಿನ ಮೊಣಕಾಲ ಕೆಳಗೆ ಹೆಬ್ಬೆರಳಿಟ್ಟು ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ನಿಂತಿತು. ಗೆಜ್ಜೆಯ ಗುರುತೂ ಅವತ್ತು ಹೀಗೆಯೇ ನಿಂತಿತ್ತು.

“ಇದು ದಪ್ಪ ಅಲ್ಲ ಕಣಮ್ಮ, ನೀರು” ಎಂದರು ಡಾಕ್ಟರಮ್ಮ.

ಅವರು ನನ್ನ ಕಡೆ ತಿರುಗಿ ಕ್ವಾಷಿಯೋರ್ಕರ್ ಎಂದರು. ಆ ಹೆಸರು ನನಗೆ ಹೊಸದು. ನಮ್ಮ ತರಬೇತಿಯಲ್ಲಿ ಬಡಕಲು ಮಕ್ಕಳನ್ನು ಗುರುತಿಸುವುದು ಕಲಿಸಿದ್ದರು, ಊದಿದ ಮಕ್ಕಳನ್ನಲ್ಲ. ಹೊಟ್ಟೆ ತುಂಬ ಅನ್ನ ಗಂಜಿ ಸಿಕ್ಕರೂ ಮೈ ಬೆಳೆಸುವ ಸತ್ವ, ಅಂದರೆ ಪ್ರೋಟೀನು, ಬಹಳ ದಿನ ಸಿಗದೇ ಹೋದರೆ ಮಗುವಿನ ರಕ್ತದಲ್ಲಿರುವ ನೀರು ಮಾಂಸದೊಳಕ್ಕೆ ಜಿನುಗಿ ಮೈ ಊದುತ್ತದೆ. ಕೂದಲಿನ ಕಪ್ಪು ಹೋಗುತ್ತದೆ. ಚರ್ಮ ಬಿಳಿಚಿಕೊಳ್ಳುತ್ತದೆ. ಮಗು ಆಟ ಬಿಡುತ್ತದೆ, ಸುಮ್ಮನಾಗುತ್ತದೆ. ಶಾಲೆಯ ಸಭಾಂಗಣದಲ್ಲಿ ನಾವು ಹೊಗಳಿದ್ದೆಲ್ಲ ಈ ಕಾಯಿಲೆಯನ್ನೇ. ತೂಕ ಏರಿದ್ದೂ ಅದರಿಂದಲೇ.

ಏನು ತಿನ್ನಿಸುತ್ತಿದ್ದೆ ಎಂದು ಡಾಕ್ಟರಮ್ಮ ಕೇಳಿದರು. ಗಂಜಿ, ಸಬ್ಬಕ್ಕಿ ನೀರು, ಆಮೇಲಾಮೇಲೆ ಸ್ವಲ್ಪ ಮೆತ್ತಗಿನ ಅನ್ನ ಬೆಲ್ಲ ಎಂದಳು. ಬೇಳೆ? ಇಲ್ಲ. ಹಾಲು? ಇಲ್ಲ. ಎಷ್ಟು ದಿನದಿಂದ? ಯುಗಾದಿ ಕಳೆದ ಮೇಲಿಂದ, ಎಂದಳು. ಆಗ ನನಗೆ ನನ್ನ ಮಾತು ನೆನಪಾಯಿತು. ಇಡೀ ವಾಕ್ಯ, ನಾನು ಹೇಳಿದ ಧಾಟಿಯಲ್ಲೇ.

“ಯಾರು ಕೊಡಬೇಡ ಅಂದೋರು?” ಡಾಕ್ಟರಮ್ಮನ ಧ್ವನಿ ಗಡುಸಾಗಿತ್ತು.

ಚಿಕ್ಕತಾಯಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ ನಾನು ಹೇಳಲಾರೆ. ಹೊರಗೆ ಹಾಲಿಗೆ ಬಂದ ಮಕ್ಕಳ ಲೋಟಗಳ ಸದ್ದು ಕೇಳುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ.

“ನಮ್ಮತ್ತೆ” ಎಂದಳು.

ಡಾಕ್ಟರಮ್ಮ ಹಳೆಯ ಕಾಲದ ಹೆಂಗಸರ ಅಜ್ಞಾನದ ಬಗ್ಗೆ ಎರಡು ಮಾತು ಆಡಿದರು. ಆಮೇಲೆ ಚೀಟಿ ಬರೆದರು. ಅತ್ತೆಯ ಮಾತು ಕೇಳಿ ಆಹಾರ ನಿಲ್ಲಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಅವರು ಬರೆಯುತ್ತಿದ್ದುದನ್ನು ನಾನು ನಿಂತು ಓದಿದೆ. ಮಗುವನ್ನು ದೊಡ್ಡಾಸ್ಪತ್ರೆಗೆ ಸೇರಿಸಲು ನಾನೇ ಜಟಕಾ ಕರೆಸಿ ಜೊತೆಯಲ್ಲಿ ಹೋದೆ.

ಸರೋಜ ಐದು ದಿನ ಇದ್ದಳು. ಆಸ್ಪತ್ರೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಕೆನೆ ತೆಗೆದ ಹಾಲನ್ನು ಚಮಚ ಚಮಚವಾಗಿ ಕುಡಿಸಬೇಕಿತ್ತು. ಕೆಲಸ ಮುಗಿಸಿ ಪ್ರತಿ ಸಂಜೆ ಹೋಗಿ ನಾನು ಕುಡಿಸಲು ಕೂರುತ್ತಿದ್ದೆ. ಅರ್ಧ ಚಮಚ ಒಳಗೆ ಹೋದರೆ ಅರ್ಧ ತುಟಿಯಂಚಿನಿಂದ ಇಳಿಯುತ್ತಿತ್ತು. ಮಗುವಿಗೆ ಹಸಿವೇ ಇರಲಿಲ್ಲ. ಅದು ಅಳುತ್ತಲೂ ಇರಲಿಲ್ಲ. ಚಮಚ ಬಾಯಿಗೆ ತಂದಾಗ ಮುಖವನ್ನು ನಿಧಾನವಾಗಿ ಗೋಡೆಯ ಕಡೆ ತಿರುಗಿಸುತ್ತಿತ್ತು. ಮೂರನೆಯ ದಿನದಿಂದ ನೀರು ಇಳಿಯತೊಡಗಿತು. ಊತ ಇಳಿದಂತೆ ಒಳಗಿದ್ದ ನಿಜವಾದ ಮಗು ಹೊರಗೆ ಬಂತು: ಪಕ್ಕೆಲುಬು, ಕಡ್ಡಿಯಂಥ ತೋಳು, ಮುದುಕಿಯಂಥ ಮುಖ. ಮೂರು ತಿಂಗಳಿಂದ ನಾನು ತೂಗುತ್ತಿದ್ದದ್ದು ಇದನ್ನು. ಐದನೆಯ ದಿನ ಬೆಳಿಗ್ಗೆ ನಾನು ಕೇಂದ್ರದಲ್ಲಿ ಹಾಲು ಕದಡುತ್ತಿದ್ದಾಗ ಚಿಕ್ಕತಾಯಮ್ಮನ ಗಂಡ ಬಾಗಿಲಲ್ಲಿ ಬಂದು ನಿಂತು, ಹೋಯ್ತು ಅಂದ.

ಎರಡು ವಾರ ನಾನು ಆ ಬೀದಿಗೆ ಹೋಗಲಿಲ್ಲ. ಬೇರೆ ಬೀದಿಗಳನ್ನು ಸುತ್ತಿದೆ. ಕೊನೆಗೆ ಒಂದು ಮಧ್ಯಾಹ್ನ ಹೋದೆ. ಚಿಕ್ಕತಾಯಮ್ಮ ನಲ್ಲಿಯ ಹತ್ತಿರ ಹೋಗಿದ್ದಳು. ಕೆಂಪಮ್ಮ ಒಬ್ಬರೇ ಒಳಗೆ ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ಕೂತ್ಕೊಳ್ಳಿ ಎಂದು ಮಣೆ ಸರಿಸಿದರು. ನಾನು ಕೇಳುವ ಮೊದಲೇ ಅವರು ಮಾತು ತೆಗೆದರು.

“ಒಂದ್ಸಲ ಮುದ್ದೇನ ಸಾರಲ್ಲಿ ಅದ್ದಿ ಮಗೀನ ಬಾಯ್ತಾವ ಇಟ್ಟಿದ್ದೆ. ಅದು ಆಸೆಪಟ್ಟು ಬಾಯಿ ಬುಡ್ತು. ಇವ್ಳು ಬಂದು ಕಿತ್ಕೊಂಡ್ಬುಟ್ಳು. ಅಮ್ಮಾವ್ರು ಹೇಳೋಗಂಟ ಬ್ಯಾಡ ಅಂದ್ಳು. ಓದ್ದೋರು ಹೇಳವ್ರಲ್ಲ ಅಂತ ನಾನೂ ಸುಮ್ಕಾದೆ.”

ಅಷ್ಟು ಹೇಳಿ ಅವರು ಮಗುವಿಗೆ ಎಣ್ಣೆ ತಿಕ್ಕತೊಡಗಿದರು. ಯಾವ ಹೆಂಗಸಿನ ಮೇಲೆ ತಪ್ಪು ಬರೆದಿತ್ತೋ ಆ ಹೆಂಗಸು ಮಾತ್ರವೇ ಆ ಮನೆಯಲ್ಲಿ ಸರಿಯಾದ ತುತ್ತನ್ನು ಕೈಯಲ್ಲಿ ಹಿಡಿದಿದ್ದರು. ತಮ್ಮ ಹೆಸರು ಆಸ್ಪತ್ರೆಯ ಕಾಗದದಲ್ಲಿ ಹಾಗೆ ಸೇರಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಮಣೆಯ ಮೇಲೆ ಕೂರಲು ಆಗಲಿಲ್ಲ. ಎದ್ದು ಬಂದೆ.

ಮರುದಿನ ಹಾಲಿನ ಪಟ್ಟಿಯ ಪುಸ್ತಕವನ್ನು ತೆಗೆದುಕೊಂಡು, ಡಾಕ್ಟರಮ್ಮ ಇದ್ದ ಇನ್ನೊಂದು ಕೇಂದ್ರಕ್ಕೆ ನಡೆದುಕೊಂಡು ಹೋದೆ. ಕೆಂಪು ಗೆರೆಯ ಪುಟ ತೆರೆದು ಅವರ ಮುಂದೆ ಇಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಗೆಜ್ಜೆಯ ಗುರುತನ್ನೂ ಹೇಳಿದೆ. ಕೆಲಸ ಬಿಡುವುದಾಗಿ ಕಾಗದ ಬರೆದುಕೊಂಡೇ ಹೋಗಿದ್ದೆ. ಅವರು ಆ ಪುಟವನ್ನು ಓದಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಆಗ ಅನ್ನಿಸಿತು. ನನ್ನ ರಾಜೀನಾಮೆಯ ಕಾಗದವನ್ನು ಮಡಿಸಿ ನನಗೇ ಹಿಂದಕ್ಕೆ ಕೊಟ್ಟರು.

“ಆ ಮನೆಯಲ್ಲಿ ಇನ್ನೊಂದು ಮಗು ಇದೆ. ನೀವು ಬಿಟ್ಟು ಹೋದರೆ ಅದನ್ನ ನೋಡೋರು ಯಾರು?” ಎಂದರು.

ಆಮೇಲೆ ಆಸ್ಪತ್ರೆಯಿಂದ ಆ ಚೀಟಿಯನ್ನು ತರಿಸಿಕೊಂಡು, ಅತ್ತೆಯ ಮೇಲೆ ತಪ್ಪು ಹೊರಿಸಿದ್ದ ಸಾಲನ್ನು ತಮ್ಮ ಕೈಯಿಂದಲೇ ಹೊಡೆದು, ಕೇಂದ್ರದ ಸಿಬ್ಬಂದಿಯ ಸೂಚನೆಯಂತೆ ಆಹಾರ ನಿಲ್ಲಿಸಲಾಗಿತ್ತು ಎಂದು ಬರೆದು ಸಹಿ ಹಾಕಿದರು.

ಆ ವರ್ಷದ ಕೊನೆಯಲ್ಲಿ ಒಂದು ಶುಕ್ರವಾರ ಚಿಕ್ಕತಾಯಮ್ಮ ಮಾದೇವನನ್ನು ಎತ್ತಿಕೊಂಡು ಕೇಂದ್ರಕ್ಕೆ ಬಂದಳು. ಅವನಿಗೆ ಹತ್ತು ತಿಂಗಳು. ಎದೆಹಾಲಿನ ಜೊತೆಗೆ ಇನ್ನು ಬೇರೆ ಏನಾದರೂ ಕೊಡಬೇಕಾದ ಕಾಲ. ಅವಳು ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಅವಳ ವಠಾರದಿಂದ ಇನ್ನೊಂದು ಕೇಂದ್ರವೂ ಅಷ್ಟೇ ದೂರ. ಸಾಲಿನಲ್ಲಿ ನಿಂತು, ಸರದಿ ಬಂದಾಗ ಮಗುವನ್ನು ಜೋಲಿಯಲ್ಲಿ ಕೂರಿಸಿ, ಏನು ಕೊಡಲಿ ಎಂದು ಎಂದಿನ ಧ್ವನಿಯಲ್ಲೇ ಕೇಳಿದಳು. ಸಾಯಂಕಾಲ ಮನೆಗೆ ಬಂದು ಹೇಳುತ್ತೇನೆ ಎಂದೆ.

ಅಂದಿನಿಂದ ಹದಿನಾಲ್ಕು ತಿಂಗಳು, ವಾರಕ್ಕೆ ಎರಡು ಸಲ, ಆ ಮನೆಗೆ ಹೋದೆ. ಮಾತಿನಲ್ಲಿ ಹೇಳುವುದನ್ನು ಬಿಟ್ಟು ಮಾಡಿ ತೋರಿಸಿದೆ. ಮೊಳಕೆ ಬರಿಸಿ ಒಣಗಿಸಿದ ರಾಗಿ, ಹುರಿಗಡಲೆ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಇವನ್ನು ಕೆಂಪಮ್ಮ ಬೀಸುಕಲ್ಲಿನಲ್ಲಿ ಹಿಟ್ಟು ಮಾಡುತ್ತಿದ್ದರು. ಅದಕ್ಕೆ ಬೆಲ್ಲ ಹಾಕಿ ಗಟ್ಟಿಯಾಗಿ ಕಾಯಿಸಿ ತಿನ್ನಿಸುವುದು. ಮಧ್ಯಾಹ್ನ ಬೇಳೆಯ ಜೊತೆ ಹಿಸುಕಿದ ಅನ್ನ, ಒಂದು ಹಿಡಿ ಸೊಪ್ಪು. ಚಿಕ್ಕ ಮಗುವಿನ ಹೊಟ್ಟೆ ಚಿಕ್ಕದು. ದೊಡ್ಡವರ ಹಾಗೆ ಎರಡು ಹೊತ್ತು ತಿಂದರೆ ಅದಕ್ಕೆ ಸಾಲದು, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಕೊಡಬೇಕು. ಮೊದಲ ಮೊಟ್ಟೆಯನ್ನು ನಾನೇ ಬೇಯಿಸಿ, ಸುಲಿದು, ಹಳದಿಯನ್ನು ಬೆರಳಿನಿಂದ ಪುಡಿ ಮಾಡಿ ಅವನ ಬಾಯಿಗೆ ಇಟ್ಟೆ. ಕೈ ತೊಳೆಯದೆ ಎರಡನೆಯ ತುತ್ತನ್ನೂ ಇಟ್ಟೆ. ನಮ್ಮ ಮನೆಯಲ್ಲಿ ತಿಳಿದು ತಾಯಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಒಮ್ಮೆ ಮಾದೇವನಿಗೂ ಭೇದಿಯಾಯಿತು. ಚಿಕ್ಕತಾಯಮ್ಮ ಏನೂ ಕೇಳದೆ ನನ್ನ ಮುಖ ನೋಡುತ್ತ ನಿಂತಳು. ಮೂರು ದಿನ ಹಗುರವಾಗಿ ಕೊಡು, ಸೋಮವಾರ ಬೆಳಿಗ್ಗೆ ಬೇಳೆ ಶುರುಮಾಡು ಎಂದೆ. ಸೋಮವಾರ ಅವಳ ಒಲೆಯ ಮೇಲೆ ಬೇಳೆ ಬೇಯುವ ಮೊದಲೇ ನಾನು ಅಲ್ಲಿದ್ದೆ. ಹುಡುಗ ಬೆಳೆದ. ಓಡಿದ, ಬಿದ್ದ, ಹಟ ಮಾಡಿದ, ತಟ್ಟೆ ಎಸೆದ. ಅವನು ಕಿರುಚಿ ಅಳುವಾಗ ಆ ಮನೆಯಲ್ಲಿ ಯಾರೂ ಅವನನ್ನು ಗದರಿಸುತ್ತಿರಲಿಲ್ಲ.

೧೯೬೧ರ ಆರಂಭದಲ್ಲಿ ನನಗೆ ಹಾಸನಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಹೇಳಿ ಬರಲು ಹೋದೆ. ಚಿಕ್ಕತಾಯಮ್ಮ ಜಗಲಿಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದಳು. ಇಷ್ಟು ದಿನ ಹೇಳದೆ ಉಳಿಸಿಕೊಂಡಿದ್ದನ್ನು ಅಂದು ಹೇಳಿದೆ. ಸರೋಜಳಿಗೆ ಬೇಳೆ ಹಾಲು ನಿಲ್ಲಿಸು ಅಂದವಳು ನಾನು, ಮತ್ತೆ ಶುರುಮಾಡು ಅನ್ನೋದನ್ನ ಮರೆತವಳೂ ನಾನೇ, ತಪ್ಪೆಲ್ಲ ನನ್ನದು ಕಣಮ್ಮ, ಎಂದೆ. ಅವಳ ಕೈ ನಿಲ್ಲಲಿಲ್ಲ. ಇನ್ನೂ ಮೂರು ನಾಲ್ಕು ಕಡ್ಡಿ ಹೊಸೆದು ಸಾಲಾಗಿ ಇಟ್ಟಳು.

“ಗೊತ್ತು ಅಮ್ಮಾವ್ರೆ. ಅವತ್ತು ಡಾಕ್ಟ್ರಮ್ಮ ಕೇಳ್ದಾಗ ನೀವೇ ಹೇಳ್ತೀರ ಅಂತ ಕಾದೆ. ನೀವು ಹೇಳ್ನಿಲ್ಲ.”

ನನಗೆ ಅಳು ಬಂತು. ಅವಳು ಅತ್ತದ್ದನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ, ಅಂದೂ ನೋಡಲಿಲ್ಲ. ಹಾಗಾದರೆ ಮಾದೇವನನ್ನು ಮತ್ತೆ ನನ್ನ ಹತ್ತಿರವೇ ಯಾಕೆ ತಂದೆ ಎಂದು ಕೇಳಿದೆ.

“ಬ್ಯಾರೆಯೋರಾಗಿದ್ರೆ ಮರೆತ್ಬುಡೋರು” ಎಂದಳು. “ನೀವಿನ್ನು ಮರೆಯಾಕಿಲ್ಲ ಅಂತ ನಂಗೆ ಗೊತ್ತಿತ್ತು.”

ಅವಳು ಹೇಳಿದ್ದು ನಿಜವಾಯಿತು. ಅದರ ನಂತರ ಇಪ್ಪತ್ತೇಳು ವರ್ಷ, ನಾಲ್ಕು ಜಿಲ್ಲೆಗಳಲ್ಲಿ, ಇದೇ ಕೆಲಸ ಮಾಡಿ ನಿವೃತ್ತಳಾದೆ. ಈಗಲೂ ಮದುವೆ ಮುಂಜಿಗಳಲ್ಲಿ ಯಾರಾದರೂ ಮಗುವೊಂದನ್ನು ತೋರಿಸಿ ಎಷ್ಟು ಗುಂಡಗಿದೆ ನೋಡಿ ಎಂದರೆ ನಗಲು ನನಗೆ ಹೊತ್ತು ಹಿಡಿಯುತ್ತದೆ. ಗೋಡೆಯ ಕಡೆ ಮುಖ ತಿರುಗಿಸಿದ ಮಗುವೊಂದು ಕಣ್ಣ ಮುಂದೆ ಬಂದು ಹೋಗುತ್ತದೆ.

ಕೆಲಸ ಕಲಿಸಿದ ಪಾಠ ಸಣ್ಣದು. ಯಾವ ತಾಯಿಗಾದರೂ ಏನನ್ನಾದರೂ ಕೊಡಬೇಡ ಎಂದರೆ, ಮತ್ತೆ ಯಾವ ದಿನದಿಂದ ಕೊಡಬೇಕೆಂದು ಆ ಕ್ಷಣವೇ ಹೇಳಬೇಕು. ಅವಳ ಬಾಯಿಂದಲೇ ಆ ದಿನವನ್ನು ಹೇಳಿಸಬೇಕು. ಆ ದಿನ ಬಂದಾಗ ಅವಳ ಮನೆ ಬಾಗಿಲಲ್ಲಿ ನಾವಿರಬೇಕು. ನಾನು ತರಬೇತಿ ಕೊಟ್ಟ ಹುಡುಗಿಯರಿಗೆಲ್ಲ ಇದನ್ನು ಹೇಳಿದ್ದೇನೆ. ಎಷ್ಟು ಹೇಳಿದರೂ ಈ ತಾಯಂದಿರು ನಮ್ಮ ಮಾತು ಕೇಳುವುದಿಲ್ಲ ಎಂದು ಅವರು ನನ್ನ ಹತ್ತಿರ ಬಂದು ದೂರುತ್ತಿದ್ದರು. ಕೇಳದವರ ಮನೆಗೆ ನಾಳೆ ಹೋದರೂ ಆದೀತು, ಹೇಳಿದ್ದನ್ನೆಲ್ಲ ಕೇಳುವವಳು ಯಾರಾದರೂ ಇದ್ದರೆ ಮೊದಲು ಅವಳ ಮನೆಗೆ ನಡೆಯಿರಿ ಎನ್ನುತ್ತಿದ್ದೆ.